ಚುಕ್ಕಿಗಳಲ್ಲಿ ಮೂಡಿದ ಹಳ್ಳಿ: ಪಿಸ್ಸಾರೊನ ‘ಸೇಬಿನ ಕೊಯ್ಲು’ ಮತ್ತು ದುಡಿಮೆಯ ಚಿತ್ರಣ

ಗ್ರಾಮಜೀವನದ ಚರಿತ್ರೆಯನ್ನು ಬರೆಯಹೊರಟವರಿಗೆ ಕಂದಾಯದ ದಾಖಲೆಗಳು, ಕಾನೂನಿನ ಕಟ್ಟಳೆಗಳು, ಮೌಖಿಕ ಪರಂಪರೆ ಇವು ಮುಖ್ಯ ಆಕರಗಳೆಂಬುದು ಒಪ್ಪಿತವಾದ ಸಂಗತಿ. ವರ್ಣಚಿತ್ರಗಳನ್ನು ಈ ಸಾಲಿಗೆ ಸೇರಿಸುವಾಗ ಮಾತ್ರ ವಿದ್ವಾಂಸರಲ್ಲಿ ಒಂದು ಹಿಂಜರಿಕೆ ಕಾಣುತ್ತದೆ. ಚಿತ್ರವು ಕಲಾವಿದನ ಮನೋಧರ್ಮವನ್ನು ಹೇಳುತ್ತದೆಯೇ ಹೊರತು ಹಳ್ಳಿಯನ್ನಲ್ಲ ಎಂಬುದು ಈ ಹಿಂಜರಿಕೆಗೆ ಕಾರಣ. ಆಕ್ಷೇಪ ಪೂರ್ತಿ ಸುಳ್ಳಲ್ಲ. ಆದರೆ ಒಂದು ಚಿತ್ರವು ತಾನು ತೋರಿಸುವ ದುಡಿಮೆಯ ಜೊತೆಗೆ ತನ್ನನ್ನು ಉಂಟುಮಾಡಿದ ದುಡಿಮೆಯನ್ನೂ ಮೈಮೇಲೆ ಹೊತ್ತಿರುತ್ತದೆ ಎಂಬುದನ್ನು ಮರೆಯುವಂತಿಲ್ಲ. ಈ ಎರಡನೆಯ ದುಡಿಮೆ ಬರಿಗಣ್ಣಿಗೇ ಕಾಣುವುದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಫ್ರಾನ್ಸಿನಲ್ಲಿ ರೂಪುಗೊಂಡ ಬಿಂದು ಪದ್ಧತಿಯ ಚಿತ್ರಗಳಲ್ಲಿ. ಕಲಾಚರಿತ್ರೆ ಪಾಯಿಂಟಿಲಿಸಂ ಎಂದು ಕರೆಯುವ ಈ ಪದ್ಧತಿಯಲ್ಲಿ ಕಮಿಲ್ ಪಿಸ್ಸಾರೊ 1888ರಲ್ಲಿ ಬರೆದ ‘ಸೇಬಿನ ಕೊಯ್ಲು, ಎರಾನ್ಯಿ’ ಎಂಬ ಚಿತ್ರವನ್ನು ಕೇಂದ್ರದಲ್ಲಿಟ್ಟು, ಗ್ರಾಮೀಣ ದುಡಿಮೆಯನ್ನು ಚುಕ್ಕಿಗಳು ಎಷ್ಟರಮಟ್ಟಿಗೆ ಹಿಡಿದವು, ಎಲ್ಲಿ ಸೋತವು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಈ ಚಿತ್ರ ಈಗ ಅಮೆರಿಕದ ಡಲ್ಲಾಸ್ ಕಲಾ ಸಂಗ್ರಹಾಲಯದಲ್ಲಿದೆ. ಸುಮಾರು 61 ಸೆಂಟಿಮೀಟರ್ ಎತ್ತರ, 74 ಸೆಂಟಿಮೀಟರ್ ಅಗಲದ ತೈಲಚಿತ್ರ, ದೊಡ್ಡದೇನೂ ಅಲ್ಲ. ನಡುವೆ ಹರಡಿಕೊಂಡ ಒಂದು ಸೇಬಿನ ಮರ. ಉದ್ದನೆಯ ಕೋಲನ್ನು ಕೊಂಬೆಗಳ ನಡುವೆ ಎತ್ತಿ ಹಣ್ಣುದುರಿಸುವ ಕೆಲಸ ನಡೆದಿದೆ. ನೆಲದ ಮೇಲೆ ಬಿದ್ದ ಹಣ್ಣುಗಳನ್ನು ಹೆಂಗಸರು ಬಾಗಿ ಆಯುತ್ತಿದ್ದಾರೆ. ಬುಟ್ಟಿಗಳಿವೆ. ಮರದ ನೆರಳು ಅದರ ಬುಡದ ಸುತ್ತ ಹರಡಿದೆ. ಅದರಾಚೆ ಬಿಸಿಲಿಗೆ ತೆರೆದ ಹೊಲ. ದೂರ ನಿಂತು ನೋಡಿದರೆ ಇಷ್ಟೇ. ಹತ್ತಿರ ಹೋದಂತೆ ಮರವೂ ಇಲ್ಲ, ಹೆಂಗಸರೂ ಇಲ್ಲ; ಕಿರುಬೆರಳ ಉಗುರಿಗಿಂತ ಸಣ್ಣದಾದ ಸಾವಿರಾರು ಬಣ್ಣದ ಗುರುತುಗಳು ಒತ್ತೊತ್ತಾಗಿ ಕೂತಿವೆ. ನೆರಳೆಂದರೆ ಕಪ್ಪು ಅಥವಾ ಕಂದು ಎಂಬ ರೂಢಿಯನ್ನು ಬಿಟ್ಟು ಇಲ್ಲಿನ ನೆರಳು ನೀಲಿ, ನೇರಳೆ, ಕಿತ್ತಳೆ, ಕೆಂಪುಗಳ ಕೂಟವಾಗಿದೆ. ಬಿಸಿಲಿನ ಭಾಗದಲ್ಲಿ ತಿಳಿಹಳದಿ, ತಿಳಿಗೆಂಪು, ಹಸಿರುಗಳು ಅಕ್ಕಪಕ್ಕ ನಿಂತಿವೆ. ಗುರುತುಗಳೆಲ್ಲ ದುಂಡಗಿನ ಚುಕ್ಕಿಗಳೂ ಅಲ್ಲ. ಎಷ್ಟೋ ಕಡೆ ಅವು ಕುಂಚದ ತುದಿಯ ಪುಟ್ಟ ಎಳೆಗಳು, ಹೊಲಿಗೆಯ ಮಟ್ಟಿನಂಥವು.

ಕೋಲಿನಿಂದ ಹಣ್ಣುದುರಿಸುವ ಈ ವಿವರವನ್ನು ಕಲಾವಿಮರ್ಶಕರು ಸಾಮಾನ್ಯವಾಗಿ ಸಂಯೋಜನೆಯ ಒಂದು ಓರೆಗೆರೆಯೆಂದಷ್ಟೇ ಗಮನಿಸುತ್ತಾರೆ. ಜಾನಪದ ವಿದ್ವಾಂಸರು ಅಲ್ಲಿಗೆ ನಿಲ್ಲುವಂತಿಲ್ಲ. ಮಾವನ್ನು ದೋಟಿಯಿಂದ ಜೋಪಾನವಾಗಿ ಕೀಳುವುದಕ್ಕೂ ಹುಣಸೆಯನ್ನು ಬಡಿದು ಉದುರಿಸುವುದಕ್ಕೂ ಇರುವ ವ್ಯತ್ಯಾಸ ನಮ್ಮ ರೈತಾಪಿ ಜನಕ್ಕೆ ಚೆನ್ನಾಗಿ ಗೊತ್ತು. ಹಣ್ಣು ಹಣ್ಣಾಗಿಯೇ ಪೇಟೆಗೆ ಹೋಗಬೇಕಾದರೆ ಪೆಟ್ಟು ತಗಲಕೂಡದು. ಕುಟ್ಟಿ ಹಿಂಡುವ ಹಣ್ಣಿಗೆ ಆ ನಯ ಬೇಕಿಲ್ಲ. ನಾರ್ಮಂಡಿ ಮತ್ತು ಅದರ ಅಂಚಿನ ಸೀಮೆಗಳಲ್ಲಿ ಸೀಡರ್ ಎಂಬ ಹುದುಗಿಸಿದ ಸೇಬಿನ ಪಾನೀಯಕ್ಕಾಗಿ ಬೆಳೆಯುವ ಹಣ್ಣನ್ನು ಶರತ್ಕಾಲದಲ್ಲಿ ಹೀಗೆಯೇ ಕೋಲಿನಿಂದ ಬಡಿದು, ನೆಲದಿಂದ ಆಯ್ದು, ಬುಟ್ಟಿಗೆ ತುಂಬಿ, ಅರೆದು ಹಿಂಡುತ್ತಿದ್ದರು. ಆದ್ದರಿಂದ ಚಿತ್ರದ ಮರ ಊಟದ ಮೇಜಿನ ಹಣ್ಣಿನದಲ್ಲ, ಪೀಪಾಯಿಗೆ ಹೋಗುವ ಹಣ್ಣಿನದು ಎಂದು ಭಾವಿಸಲು ಅವಕಾಶವಿದೆ. ಕಾಲದ ಸಂದರ್ಭವೂ ಇದಕ್ಕೆ ಹೊಂದುತ್ತದೆ. 1860ರ ದಶಕದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಬೇರುಹೇನು ಮುಂದಿನ ಎರಡು ದಶಕಗಳಲ್ಲಿ ಫ್ರಾನ್ಸಿನ ದ್ರಾಕ್ಷಿತೋಟಗಳನ್ನು ಹಾಳುಗೆಡವಿತು. ದ್ರಾಕ್ಷಾರಸ ದುಬಾರಿಯಾದಂತೆ ಸೀಡರಿಗೆ ಬೇಡಿಕೆ ಏರಿತು. ಅದೇ ದಶಕದಲ್ಲಿ ಕಡಲಾಚೆಯ ಅಗ್ಗದ ಗೋಧಿ ಬಂದು ಧಾನ್ಯದ ಬೆಲೆ ಕುಸಿದು, ಹಳ್ಳಿಯ ಜನ ಪಟ್ಟಣಗಳ ದಾರಿ ಹಿಡಿದಿದ್ದರು. ಸರ್ಕಾರ ಆಮದಿನ ಮೇಲೆ ಮೆಲಿನ್ ಸುಂಕವನ್ನು ಹೇರಿದ್ದು 1892ರಲ್ಲಿ. ಪಿಸ್ಸಾರೊನ ಶಾಂತವಾದ ತೋಟದ ಹಿಂದೆ ಈ ಏರುಪೇರು ಇದೆ. ಚಿತ್ರದಲ್ಲಿ ಅದು ಎಲ್ಲಿಯೂ ಕಾಣುವುದಿಲ್ಲವೆಂಬುದನ್ನೂ ಹೇಳಬೇಕು.

ಪಿಸ್ಸಾರೊ ಹುಟ್ಟಿದ್ದು ಫ್ರಾನ್ಸಿನಲ್ಲಲ್ಲ. 1830ರ ಜುಲೈ 10ರಂದು, ಆಗ ಡೆನ್ಮಾರ್ಕಿನ ವಶದಲ್ಲಿದ್ದ ಕೆರಿಬಿಯನ್ ದ್ವೀಪ ಸೇಂಟ್ ಥಾಮಸ್‌ನಲ್ಲಿ, ಪೋರ್ಚುಗೀಸ್ ಮೂಲದ ಯಹೂದಿ ವ್ಯಾಪಾರಿ ಕುಟುಂಬವೊಂದರಲ್ಲಿ. ವೆನಿಜುವೆಲಾದಲ್ಲಿ ಎರಡು ವರ್ಷ ಚಿತ್ರ ಬರೆಯುತ್ತ ಅಲೆದು 1855ರಲ್ಲಿ ಪ್ಯಾರಿಸ್ಸಿಗೆ ಬಂದ ಆತ, 1874ರಿಂದ 1886ರವರೆಗೆ ನಡೆದ ಎಂಟು ಇಂಪ್ರೆಷನಿಸ್ಟ್ ಪ್ರದರ್ಶನಗಳಲ್ಲಿಯೂ ಭಾಗವಹಿಸಿದ ಏಕೈಕ ಕಲಾವಿದ. ನಗರದ ಬಾಡಿಗೆಗೆ ಅಂಜಿ ಊರಿಂದೂರಿಗೆ ಸರಿಯುತ್ತಿದ್ದ ಸಂಸಾರ 1884ರಲ್ಲಿ ಎರಾನ್ಯಿ ಎಂಬ ಸಣ್ಣ ಹಳ್ಳಿಯಲ್ಲಿ ನೆಲೆನಿಂತಿತು. ಜಿಸೋರ್ ಪೇಟೆಗೆ ಹತ್ತಿರ, ಎಪ್ಟ್ ಹೊಳೆಯ ದಂಡೆಯಲ್ಲಿರುವ ಊರು. ಈ ಹೊಳೆ ನಾರ್ಮಂಡಿಗೂ ಅದರ ಪೂರ್ವದ ಸೀಮೆಗೂ ಹಳೆಯ ಕಾಲದಿಂದ ಗಡಿ. ಮನೆಯ ಹಿಂದೆ ಹಣ್ಣಿನ ತೋಟ, ಅದರಾಚೆ ಹುಲ್ಲುಗಾವಲು, ಹೊಳೆಯಾಚೆ ಬಾಜಾಂಕೂರ್ ಹಳ್ಳಿಯ ಚರ್ಚಿನ ಗೋಪುರ. ಮುಂದಿನ ಇಪ್ಪತ್ತು ವರ್ಷ ಆತ ಇದೇ ನೋಟವನ್ನು ಮತ್ತೆ ಮತ್ತೆ ಬರೆದ. ಬಿಂದು ಪದ್ಧತಿ ಆತನ ಕೈಸೇರಿದ್ದು ಈ ಹಳ್ಳಿಗೆ ಬಂದ ಮರುವರ್ಷವೇ.

ಈ ಪದ್ಧತಿಯ ಬೌದ್ಧಿಕ ಮೂಲವನ್ನು ಹುಡುಕಿದರೆ ಅದು ಚಿತ್ರಶಾಲೆಯಲ್ಲಿ ಅಲ್ಲ, ಬಣ್ಣ ಹಾಕುವವರ ಕೊಪ್ಪರಿಗೆಗಳ ನಡುವೆ ಸಿಗುತ್ತದೆ ಎಂಬುದು ಕುತೂಹಲಕರ. ರಸಾಯನಶಾಸ್ತ್ರಜ್ಞ ಮಿಶೆಲ್ ಯುಜೀನ್ ಶೆವ್ರಲ್ 1824ರಲ್ಲಿ ಪ್ಯಾರಿಸ್ಸಿನ ಗೋಬ್ಲಾಂ ಎಂಬ ಸರ್ಕಾರಿ ಚಿತ್ರಜಮಖಾನೆಯ ಕಾರ್ಖಾನೆಯಲ್ಲಿ ಬಣ್ಣಗಾರಿಕೆ ವಿಭಾಗದ ನಿರ್ದೇಶಕನಾದ. ಅಲ್ಲಿನ ಕರಿ ಉಣ್ಣೆಯ ಬಣ್ಣ ಗಟ್ಟಿಯಿಲ್ಲ, ನೀಲಿ ನೇರಳೆಯ ನೆರಿಗೆಗಳಲ್ಲಿ ಅದು ಪೇಲವವಾಗಿ ಕಾಣುತ್ತದೆ ಎಂಬ ದೂರು ಆತನ ಮುಂದೆ ಬಂತು. ಬೇರೆ ಕಾರ್ಖಾನೆಗಳ ಕರಿ ಉಣ್ಣೆಯನ್ನು ತರಿಸಿ ಹೋಲಿಸಿ ನೋಡಿದಾಗ ಬಣ್ಣದಲ್ಲಿ ದೋಷವಿರಲಿಲ್ಲ. ದೋಷವಿದ್ದದ್ದು ನೆರೆಯಲ್ಲಿ. ಒಂದು ಬಣ್ಣ ಪಕ್ಕದ ಬಣ್ಣದಿಂದಾಗಿ ಬೇರೆಯಾಗಿ ಕಾಣುತ್ತದೆ. ಪರಸ್ಪರ ಪೂರಕವಾದ ಕೆಂಪು ಹಸಿರು, ನೀಲಿ ಕಿತ್ತಳೆ, ಹಳದಿ ನೇರಳೆ ಜೋಡಿಗಳು ಅಕ್ಕಪಕ್ಕ ನಿಂತಾಗ ಒಂದನ್ನೊಂದು ಉಜ್ಜ್ವಲಗೊಳಿಸುತ್ತವೆ. ಈ ತತ್ತ್ವವನ್ನು ಆತ 1839ರಲ್ಲಿ ಗ್ರಂಥರೂಪಕ್ಕೆ ತಂದ. ಅಮೆರಿಕದ ಭೌತವಿಜ್ಞಾನಿ ಆಗ್ಡೆನ್ ರೂಡ್ ಬರೆದ ವರ್ಣಶಾಸ್ತ್ರದ ಕೃತಿ 1881ರಲ್ಲಿ ಫ್ರೆಂಚಿಗೆ ಬಂತು. ಈ ಓದಿನ ಬೆಂಬಲದಿಂದ ಜಾರ್ಜ್ ಸ್ಯೂರಾ ಎಂಬ ತರುಣ, ಬಣ್ಣಗಳನ್ನು ಹಲಗೆಯ ಮೇಲೆ ಕಲಸುವ ಬದಲು ಶುದ್ಧವಾದ ಚುಕ್ಕಿಗಳಾಗಿ ಕ್ಯಾನ್ವಾಸಿನ ಮೇಲಿಟ್ಟು, ಬೆರೆಸುವ ಕೆಲಸವನ್ನು ನೋಡುವವರ ಕಣ್ಣಿಗೇ ಬಿಡುವ ಕ್ರಮವನ್ನು ರೂಪಿಸಿದ. ದೃಷ್ಟಿಮಿಶ್ರಣವೆಂದು ಇದಕ್ಕೆ ಹೆಸರು. ನೇಕಾರರು ಎರಡು ಬಣ್ಣದ ನೂಲುಗಳನ್ನು ಹಾಸುಹೊಕ್ಕಾಗಿಸಿ ಮೂರನೆಯ ಬಣ್ಣವನ್ನು ಕಾಣಿಸುವುದು ಯಾವ ಶಾಸ್ತ್ರಗ್ರಂಥಕ್ಕೂ ಹಳೆಯ ವಿದ್ಯೆ. ವಿಜ್ಞಾನದ ಹೆಸರಿನಲ್ಲಿ ಕಲೆಯೊಳಗೆ ಬಂದ ಈ ತತ್ತ್ವ ಮೂಲತಃ ಕಸುಬುದಾರರ ಗೋಳಿಗೆ ಉತ್ತರವಾಗಿ ಹುಟ್ಟಿದ್ದೆಂಬುದನ್ನು ಕಲಾಚರಿತ್ರೆಯ ಪುಸ್ತಕಗಳು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಚುಕ್ಕಿ ಎಂದೊಡನೆ ನಮ್ಮ ಅಂಗಳದ ಚುಕ್ಕಿರಂಗೋಲಿಯನ್ನು ತಂದು ಪಕ್ಕಕ್ಕಿಡುವ ಉತ್ಸಾಹ ಸಹಜ. ಆದರೆ ರಂಗೋಲಿಯ ಚುಕ್ಕಿ ಎಣಿಕೆಯ ಚುಕ್ಕಿ. ಗೆರೆ ಎಲ್ಲಿ ಸಾಗಬೇಕು, ಎಲ್ಲಿ ಬಳಸಬೇಕು ಎಂಬುದನ್ನು ಅದು ಹೇಳುತ್ತದೆ, ಗೆರೆ ಮುಗಿದ ಮೇಲೆ ಅದರ ಕೆಲಸ ಮುಗಿಯುತ್ತದೆ. ಸ್ಯೂರಾ ಪದ್ಧತಿಯಲ್ಲಿ ಗೆರೆಯೇ ಇಲ್ಲ, ಚುಕ್ಕಿಯೇ ಕೊನೆ. ಎರಡನ್ನೂ ಒಂದೇ ಎಳೆಯಲ್ಲಿ ಪೋಣಿಸುವುದು ಎರಡಕ್ಕೂ ಮಾಡುವ ಅನ್ಯಾಯ.

ಪಿಸ್ಸಾರೊ ಸ್ಯೂರಾನನ್ನೂ ಆತನ ಗೆಳೆಯ ಪಾಲ್ ಸಿನ್ಯಾಕ್‌ನನ್ನೂ ಭೇಟಿಯಾದದ್ದು 1885ರಲ್ಲಿ. ಪಿಸ್ಸಾರೊನಿಗೆ ಆಗ ಐವತ್ತೈದು. ಸ್ಯೂರಾ ಇಪ್ಪತ್ತೈದರ, ಸಿನ್ಯಾಕ್ ಇಪ್ಪತ್ತೆರಡರ ಆಸುಪಾಸಿನವರು. ಮಗನ ವಯಸ್ಸಿನ ಹುಡುಗರಿಂದ ವಿದ್ಯೆ ಕಲಿಯಲು ಹಿರಿಯನೊಬ್ಬ ಕೂತದ್ದು ಕಲೆಯ ಚರಿತ್ರೆಯಲ್ಲಿ ವಿರಳವಾದ ಘಟನೆ. ಕಲಿತದ್ದಷ್ಟೇ ಅಲ್ಲ, 1886ರ ಮೇ ತಿಂಗಳಲ್ಲಿ ಆರಂಭವಾದ ಎಂಟನೆಯ ಪ್ರದರ್ಶನದಲ್ಲಿ ಈ ತರುಣರನ್ನು ಸೇರಿಸಲೇಬೇಕೆಂದು ಹಟ ಹಿಡಿದು ಹಳೆಯ ಗೆಳೆಯರ ಮನಸ್ತಾಪವನ್ನೂ ಕಟ್ಟಿಕೊಂಡ. ಮೊನೆ, ರೆನ್ವಾ, ಸಿಸ್ಲಿ ಆ ಪ್ರದರ್ಶನದಲ್ಲಿ ಭಾಗವಹಿಸಲಿಲ್ಲ. ಪಿಸ್ಸಾರೊ, ಆತನ ಹಿರಿಯ ಮಗ ಲೂಸಿಯನ್, ಸ್ಯೂರಾ, ಸಿನ್ಯಾಕ್ ಇವರ ಚಿತ್ರಗಳಿಗೆ ಬೇರೆಯೇ ಒಂದು ಕೋಣೆ ಮೀಸಲಾಯಿತು. ಸುಮಾರು ಎರಡು ಮೀಟರ್ ಎತ್ತರ, ಮೂರು ಮೀಟರ್ ಅಗಲದ ಸ್ಯೂರಾನ ‘ಗ್ರಾಂದ್ ಜಾತ್ ದ್ವೀಪದಲ್ಲಿ ಒಂದು ಭಾನುವಾರ’ ಎದುರಾದದ್ದು ಅಲ್ಲಿಯೇ. ವಿಮರ್ಶಕ ಫೆಲಿಕ್ಸ್ ಫೆನೆಯೋನ್ ಆ ವರ್ಷವೇ ಈ ಗುಂಪಿಗೆ ನವ ಇಂಪ್ರೆಷನಿಸ್ಟರೆಂಬ ಹೆಸರು ಕೊಟ್ಟ. ಪಿಸ್ಸಾರೊ 1886ರ ನವೆಂಬರಿನಲ್ಲಿ ತನ್ನ ವ್ಯಾಪಾರಿ ಡ್ಯುರಾನ್ ರುಯೆಲ್‌ಗೆ ಬರೆದ ಪತ್ರದಲ್ಲಿ ಹೊಸ ಪದ್ಧತಿಯ ತತ್ತ್ವಗಳನ್ನು ವಿವರಿಸಿ, ಇದನ್ನು ಮೊದಲು ಕಂಡುಕೊಂಡ ಕೀರ್ತಿ ಸ್ಯೂರಾನದೇ ಎಂದು ಸ್ಪಷ್ಟವಾಗಿ ಒಪ್ಪಿಕೊಂಡಿದ್ದಾನೆ.

ಸ್ಯೂರಾನ ದೊಡ್ಡ ಚಿತ್ರದಲ್ಲಿರುವುದು ರಜಾದಿನದ ಪಟ್ಟಣಿಗರು, ಬಿಡುವಿನ ಹೊತ್ತು. ಪಿಸ್ಸಾರೊ ಅದೇ ಚುಕ್ಕಿಯನ್ನು ಹಳ್ಳಿಗೆ ತಂದು ದುಡಿಮೆಯ ಹೊತ್ತಿಗೆ ಹಚ್ಚಿದ. 1886ರಲ್ಲಿ ಮುಗಿದ, ಈಗ ಜಪಾನಿನ ಕುರಾಶಿಕಿಯ ಒಹಾರಾ ಸಂಗ್ರಹಾಲಯದಲ್ಲಿರುವ ಇನ್ನೊಂದು ‘ಸೇಬಿನ ಕೊಯ್ಲು’ ಹೆಚ್ಚುಕಡಿಮೆ ಚೌಕಾಕಾರದ ದೊಡ್ಡ ಚಿತ್ರ. ಅಲ್ಲಿ ಮರದ ನೆರಳಿನಲ್ಲಿರುವವರು ಹೆಂಗಸರು ಮಾತ್ರ. 1887ರಲ್ಲಿ ‘ಎರಾನ್ಯಿಯಲ್ಲಿ ಹುಲ್ಲು ಕೊಯ್ಲು’, 1889ರಲ್ಲಿ ‘ಹಕ್ಕಲಾಯುವವರು’ ಬಂದವು.

ಇದೇ 1886ನೆಯ ಇಸವಿ ಜಾನಪದ ಅಧ್ಯಯನದ ಚರಿತ್ರೆಯಲ್ಲಿಯೂ ಮುಖ್ಯವಾದದ್ದೆಂಬುದನ್ನು ಇಲ್ಲಿ ನೆನೆಯಬೇಕು. ಪ್ಯಾರಿಸ್ಸಿನಲ್ಲಿ ಪಾಲ್ ಸೆಬಿಯೋ ಜನಪದ ಸಂಪ್ರದಾಯಗಳಿಗೆ ಮೀಸಲಾದ ಪತ್ರಿಕೆಯನ್ನು ಆರಂಭಿಸಿದ್ದು ಆ ವರ್ಷ. 1881ರಲ್ಲಿ ಬ್ರಿಟನಿ ಸೀಮೆಯ ಕಥೆ, ಒಗಟು, ಹಾಡುಗಳನ್ನು ಕುರಿತ ಕೃತಿಗೆ ‘ಮೌಖಿಕ ಸಾಹಿತ್ಯ’ ಎಂಬ ಪದವನ್ನು ತಲೆಬರಹದಲ್ಲಿಯೇ ಬಳಸಿದವನು ಈತ. ಸೆಬಿಯೋ ಅದಕ್ಕೂ ಮುಂಚೆ ಭೂದೃಶ್ಯಗಳ ಚಿತ್ರಕಾರನಾಗಿದ್ದ; ಪ್ಯಾರಿಸ್ಸಿನ ಅಧಿಕೃತ ಪ್ರದರ್ಶನಗಳಲ್ಲಿ ಆತನ ಚಿತ್ರಗಳು ಹಲವು ವರ್ಷ ತೂಗಿದ್ದವು. ಒಬ್ಬ ಕುಂಚ ಕೆಳಗಿಟ್ಟು ಹಳ್ಳಿಯವರ ಮಾತನ್ನು ಬರೆದುಕೊಳ್ಳಲು ಹೊರಟ. ಇನ್ನೊಬ್ಬ ಅದೇ ಹೊತ್ತಿಗೆ ಹಳ್ಳಿಯ ಬೆಳಕನ್ನು ಬಿಡಿಸಿ ನೋಡಲು ಕುಂಚವನ್ನು ಸಣ್ಣದು ಮಾಡಿಕೊಂಡ. ಇಬ್ಬರ ನಡುವೆ ಸಂಪರ್ಕವಿತ್ತೆಂದು ಸೂಚಿಸುವುದು ಇಲ್ಲಿನ ಉದ್ದೇಶವಲ್ಲ. ಊರು ಬರಿದಾಗುತ್ತಿದ್ದ ಕಾಲದಲ್ಲಿ ಊರನ್ನು ತುಣುಕು ತುಣುಕಾಗಿ ಕೂಡಿಡುವ ಹಂಬಲ ಎರಡು ಬೇರೆ ಕ್ಷೇತ್ರಗಳಲ್ಲಿ ಒಟ್ಟಿಗೆ ಎದ್ದಿತೆಂಬುದು ಗಮನಾರ್ಹ. ಸೆಬಿಯೋನ ಸಂಗ್ರಹದಲ್ಲಿ ಹಳ್ಳಿಗರು ಮಾತನಾಡುತ್ತಾರೆ. ಪಿಸ್ಸಾರೊನ ತೋಟದಲ್ಲಿ ಯಾರ ಬಾಯಿಯೂ ತೆರೆದಂತಿಲ್ಲ, ಯಾರಿಗೂ ಹೆಸರಿಲ್ಲ.

ಹಾಗೆಂದು ಈ ಚಿತ್ರಗಳು ಹಳ್ಳಿಯ ಜನರನ್ನು ಕಡೆಗಣಿಸಿವೆ ಎನ್ನುವುದು ಅವಸರದ ತೀರ್ಮಾನವಾದೀತು. ಫ್ರೆಂಚ್ ಚಿತ್ರಕಲೆಯಲ್ಲಿ ರೈತಾಪಿ ಜನರಿಗೆ ಘನತೆ ತಂದುಕೊಟ್ಟವನು ಜಾನ್ ಫ್ರಾನ್ಸ್ವಾ ಮಿಲೆ. 1857ರ ಆತನ ಹಕ್ಕಲಾಯುವ ಮೂವರು ಹೆಂಗಸರು ಪುರಾಣದ ಪಾತ್ರಗಳಷ್ಟು ಭಾರವಾಗಿದ್ದಾರೆ. ಪಿಸ್ಸಾರೊ ರೈತರನ್ನು ಬರೆದಾಗಲೆಲ್ಲ ವಿಮರ್ಶಕರು ಮಿಲೆಯ ಹೆಸರೆತ್ತುತ್ತಿದ್ದರು. ಇದರಿಂದ ಬೇಸತ್ತ ಆತ 1882ರ ಪತ್ರವೊಂದರಲ್ಲಿ, ಬೈಬಲ್ಲಿನ ಛಾಯೆ ಇರುವುದು ಮಿಲೆಯಲ್ಲಿ, ಯಹೂದಿಯಾದ ತನ್ನಲ್ಲಿ ಅದು ಅಷ್ಟಿಲ್ಲವೆಂಬ ಅರ್ಥದಲ್ಲಿ ಕುಹಕವಾಡಿದ್ದಾನೆ. ಮಾತಿನಲ್ಲಿ ತಮಾಷೆಯಿದ್ದರೂ ವ್ಯತ್ಯಾಸ ನಿಜ. ಮಿಲೆಯಲ್ಲಿ ದುಡಿಮೆ ಒಂದು ವಿಧಿ. ಬಾಗಿದ ಬೆನ್ನು ಶಾಪವನ್ನೋ ಪುಣ್ಯವನ್ನೋ ಹೊತ್ತಿದೆ. ‘ಸೇಬಿನ ಕೊಯ್ಲು’ವಿನಲ್ಲಿ ಹೆಂಗಸಿನ ಕುಪ್ಪಸಕ್ಕೂ ಹುಲ್ಲಿಗೂ ನೆರಳಿಗೂ ಒಂದೇ ಗಾತ್ರದ ಚುಕ್ಕಿ, ಒಂದೇ ಬಗೆಯ ಗಮನ. ಮನುಷ್ಯರು ಇಲ್ಲಿ ಭೂಮಿಯ ಒಡೆಯರೂ ಅಲ್ಲ, ಆಳುಗಳೂ ಅಲ್ಲ. ಅದೇ ಬೆಳಕಿನ ಪಾಲುದಾರರು. ಪಿಸ್ಸಾರೊ ಆ ವರ್ಷಗಳಲ್ಲಿ ಅರಾಜಕತಾವಾದದ ಓದುಗ, ಬೆಂಬಲಿಗ. ಆ ಪಂಥದ ಪತ್ರಿಕೆಗಳಿಗೆ ಹಣದ ನೆರವನ್ನೂ ಚಿತ್ರಗಳನ್ನೂ ಕೊಟ್ಟವನು. ಧಣಿ, ದಂಡನಾಯಕರಿಲ್ಲದೆ ಜನ ಕೂಡಿ ದುಡಿಯುವ ಸಮಾಜದ ಕನಸನ್ನು ಆತನ ತೋಟಗಳಲ್ಲಿ ಕಾಣುವ ವಿಮರ್ಶೆ ಈಚಿನ ದಶಕಗಳಲ್ಲಿ ಬೆಳೆದಿದೆ. 1889-90ರಲ್ಲಿ ತನ್ನ ಬಂಧುಗಳಾದ ಇಬ್ಬರು ತರುಣಿಯರಿಗಾಗಿ ಆತ ಬರೆದ ‘ಸಾಮಾಜಿಕ ಹೇಯಗಳು’ ಎಂಬ 28 ರೇಖಾಚಿತ್ರಗಳ ಸಂಪುಟದಲ್ಲಿ ನಗರದ ಹಸಿವು, ಆತ್ಮಹತ್ಯೆ, ಹಣದ ದರ್ಪ ಕಪ್ಪು ಶಾಯಿಯಲ್ಲಿವೆ. ಕೇಡು ಪಟ್ಟಣದ ಪಾಲಿಗೆ, ಬಿಸಿಲು ಹಳ್ಳಿಯ ಪಾಲಿಗೆ. ಈ ವಿಭಜನೆ ಸರಳವಾಯಿತೆಂದೇ ಹೇಳಬೇಕಾಗುತ್ತದೆ.

‘ಹಕ್ಕಲಾಯುವವರು’ ಚಿತ್ರವನ್ನು ಎದುರಿಗಿಟ್ಟರೆ ಈ ಸರಳತೆ ಇನ್ನಷ್ಟು ಎದ್ದು ಕಾಣುತ್ತದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಕಲಾ ಸಂಗ್ರಹಾಲಯದಲ್ಲಿರುವ ಈ ಚಿತ್ರದಲ್ಲಿ ಕೊಯ್ಲಾದ ಹೊಲದ ತುಂಬ ಹೆಂಗಸರು ಬಾಗಿ ಉಳಿದ ತೆನೆ ಆಯುತ್ತಿದ್ದಾರೆ. ಹಕ್ಕಲು ಬಡವರ ಹಕ್ಕು. ಫ್ರಾನ್ಸಿನಲ್ಲಿ 1554ರ ರಾಜಶಾಸನವೊಂದು ಅದನ್ನು ವೃದ್ಧರು, ಅಂಗವಿಕಲರು, ಎಳೆಯರಂಥ ದುರ್ಬಲರಿಗೆ ಮಾನ್ಯಮಾಡಿತ್ತು. 1810ರ ದಂಡಸಂಹಿತೆ ಹೊಲ ಪೂರ್ತಿ ಬರಿದಾಗುವ ಮುನ್ನ, ಸೂರ್ಯ ಹುಟ್ಟುವ ಮುನ್ನ, ಮುಳುಗಿದ ನಂತರ ಹಕ್ಕಲಾಯುವವರಿಗೆ ದಂಡ ವಿಧಿಸಿತು. ಅಂದರೆ ಹಕ್ಕಲು ಆಯುವವರ ಪಾಲಿಗೆ ಹಗಲಿನ ಬೆಳಕೆಂಬುದು ಕಾನೂನಿನ ಗಡಿಯೂ ಆಗಿತ್ತು. ಚಿತ್ರಕಾರನಿಗೆ ಅದೇ ಬೆಳಕು ನೇರಳೆ ಮತ್ತು ಹಳದಿಯ ಸಾಮರಸ್ಯ. ಒಂದೇ ಹೊಲದ ಮೇಲೆ ಬಿದ್ದ ಒಂದೇ ಬಿಸಿಲು ಇಬ್ಬರಿಗೆ ಎರಡು ಅರ್ಥವಾಗಿರುವುದನ್ನು ಹಿಡಿಯುವ ಶಕ್ತಿ ಈ ಪದ್ಧತಿಗೆ ಇರಲಿಲ್ಲ. ಮಿಲೆಯ ಚಿತ್ರದಲ್ಲಿ ದೂರದಲ್ಲಿ ಒಡೆಯನ ಬಣವೆಗಳೂ ಕುದುರೆಯೇರಿದ ಮೇಲ್ವಿಚಾರಕನೂ ಇದ್ದಾರೆ; ಯಾರ ಹೊಲ, ಯಾರ ಹಸಿವು ಎಂಬುದು ಅಲ್ಲಿ ತಿಳಿಯುತ್ತದೆ. ಸಾಕ್ಷ್ಯದ ದೃಷ್ಟಿಯಿಂದ ಮಿಲೆಯೇ ಮೇಲೆಂದು ಒಪ್ಪುವುದರಲ್ಲಿ ಸಂಕೋಚಪಡಬೇಕಿಲ್ಲ.

ಇನ್ನು ಚಿತ್ರವನ್ನು ಉಂಟುಮಾಡಿದ ದುಡಿಮೆಯ ವಿಚಾರ. ಬಯಲಿನಲ್ಲಿ ಕೂತು ಒಂದೆರಡು ಹೊತ್ತಿನಲ್ಲಿ ಚಿತ್ರ ಮುಗಿಸುವುದು ಇಂಪ್ರೆಷನಿಸ್ಟರ ರೂಢಿ. ಬಿಂದು ಪದ್ಧತಿಯಲ್ಲಿ ಇದು ಆಗದ ಮಾತು. ಕೆಳಗಿನ ಪದರ ಒಣಗುವ ಮುನ್ನ ಮೇಲೆ ಚುಕ್ಕಿಯಿಟ್ಟರೆ ಎರಡೂ ಬೆರೆತು ಮಾಸಲಾಗುತ್ತವೆ. ಬಣ್ಣದ ಶುದ್ಧತೆ ಉಳಿಯಬೇಕಾದರೆ ಒಂದು ಪದರದಿಂದ ಇನ್ನೊಂದಕ್ಕೆ ದಿನಗಟ್ಟಲೆ ಕಾಯಬೇಕು. ಹೊಲದಲ್ಲಿ ಜಲವರ್ಣದ ಟಿಪ್ಪಣಿ ಮಾಡಿಕೊಂಡು ಬಂದು ಮನೆಯೊಳಗೆ ತಿಂಗಳುಗಟ್ಟಲೆ ಚುಕ್ಕಿಯಿಡುವ ಕ್ರಮ ಅನಿವಾರ್ಯವಾಯಿತು. ಸಾಲು ಹಿಡಿದು ನಾಟಿ ಮಾಡುವವರ, ಕಳೆ ಕೀಳುವವರ ಕೆಲಸದಂತೆ ಇದೂ ಪುನರಾವರ್ತನೆಯ ಕೆಲಸ, ಕೈ ಸೋಲುವ ಕೆಲಸ. ಹೀಗಾಗಿ ಚಿತ್ರಕಾರನ ದುಡಿಮೆ ಆತ ಚಿತ್ರಿಸುತ್ತಿದ್ದ ದುಡಿಮೆಗೆ ಎಂದಿಗಿಂತ ಹತ್ತಿರವಾಯಿತು. ಆದರೆ ನಾಟಿ ಮಾಡಿದವರಿಗೆ ಬೆಳೆಯ ನಿರೀಕ್ಷೆಯಾದರೂ ಇರುತ್ತದೆ. ಪಿಸ್ಸಾರೊನ ಚುಕ್ಕಿಗಳಿಗೆ ಕೊಳ್ಳುವವರಿರಲಿಲ್ಲ. ಡ್ಯುರಾನ್ ರುಯೆಲ್‌ಗೆ ಹೊಸ ಪದ್ಧತಿ ಹಿಡಿಸಲಿಲ್ಲ. 1882ರ ಬ್ಯಾಂಕ್ ದಿವಾಳಿಯಿಂದ ಆತನ ಕೈಯೂ ಕಟ್ಟಿತ್ತು. ಚಿತ್ರಗಳ ಸಂಖ್ಯೆ ಇಳಿಯಿತು, ಬೆಲೆಯೂ ಇಳಿಯಿತು, ಎರಾನ್ಯಿಯ ಮನೆಯಲ್ಲಿ ಮಕ್ಕಳ ಸಂಖ್ಯೆ ಮಾತ್ರ ದೊಡ್ಡದಿತ್ತು.

ಈ ಮನೆಯನ್ನು ನಡೆಸಿದವಳು ಜೂಲಿ ವೆಲೆ. ಬರ್ಗಂಡಿ ಸೀಮೆಯ ದ್ರಾಕ್ಷಿ ಬೆಳೆಗಾರರ ಮಗಳಾದ ಆಕೆ ಪಿಸ್ಸಾರೊನ ತಾಯಿಯ ಮನೆಯಲ್ಲಿ ಅಡುಗೆಕೆಲಸಕ್ಕೆ ಇದ್ದವಳು. ಇಬ್ಬರೂ ಜೊತೆಯಾಗಿ ಬಾಳಲು ತೊಡಗಿ ಎಷ್ಟೋ ವರ್ಷಗಳ ಮೇಲೆ, 1871ರಲ್ಲಿ, ಯುದ್ಧದ ಕಾರಣ ಲಂಡನ್ನಿನಲ್ಲಿದ್ದಾಗ ಮದುವೆಯಾದರು. ಎರಾನ್ಯಿಯಲ್ಲಿ ಆಕೆ ತರಕಾರಿ ಬೆಳೆದಳು, ಕೋಳಿ ಮೊಲ ಸಾಕಿದಳು. ಕೈಯಲ್ಲಿ ಕಾಸಿಲ್ಲದ ದಿನಗಳಲ್ಲಿ ಸಂಸಾರದ ಹೊಟ್ಟೆ ತುಂಬಿದ್ದು ಈ ಹಿತ್ತಲಿನಿಂದ. ಗಂಡನ ಹೊಸ ಪ್ರಯೋಗದ ಮೇಲೆ ಆಕೆಗೆ ಅಸಮಾಧಾನವಿದ್ದುದು ಕುಟುಂಬದ ಪತ್ರವ್ಯವಹಾರದಿಂದ ತಿಳಿಯುತ್ತದೆ. ಕಲಾಚರಿತ್ರೆಯ ಹಳೆಯ ಬರಹಗಳಲ್ಲಿ ಈ ಅಸಮಾಧಾನವನ್ನು ಕಲೆ ಅರಿಯದ ಹೆಂಗಸಿನ ಗೊಣಗಾಟವೆಂಬಂತೆ ಚಿತ್ರಿಸಿರುವುದುಂಟು. ಇದು ತಿರುಗುಮುರುಗಾದ ಓದು. ಮಣ್ಣಿನ ಕೆಲಸ ಬಲ್ಲ, ರೈತರ ಮನೆಯಲ್ಲಿ ಹುಟ್ಟಿದ ಒಂದೇ ಒಂದು ಜೀವ ಆ ದಂಪತಿಗಳಲ್ಲಿ ಜೂಲಿ. ಹಣ್ಣು ಆಯುವ ಹೆಂಗಸರನ್ನು ಸಾವಿರಾರು ಚುಕ್ಕಿಗಳಲ್ಲಿ ನಿಲ್ಲಿಸಲು ಬೇಕಾದ ತಿಂಗಳುಗಳನ್ನು ತನ್ನ ಹಿತ್ತಲಿನ ದುಡಿಮೆಯಿಂದ ಒದಗಿಸಿದವಳೂ ಆಕೆಯೇ. ಪಿಸ್ಸಾರೊ ಆಕೆಯನ್ನು 1870ರ ದಶಕದ ಕೊನೆಯಲ್ಲಿ ಬರೆದ ಪ್ರಸಿದ್ಧ ಚಿತ್ರದಲ್ಲಿ ಆಕೆ ಕಿಟಕಿಯ ಬಳಿ ಕುಳಿತು ಹೊಲಿಯುತ್ತಿದ್ದಾಳೆ.

ಪಿಸ್ಸಾರೊನಲ್ಲಿ ಸಂಶಯ ಮೊಳೆತದ್ದು ‘ಸೇಬಿನ ಕೊಯ್ಲು’ ಮುಗಿದ ವರ್ಷವೇ. 1888ರ ಸೆಪ್ಟೆಂಬರಿನಲ್ಲಿ ಲೂಸಿಯನ್‌ಗೆ ಬರೆದ ಪತ್ರದಲ್ಲಿ, ಚುಕ್ಕಿಯ ಶುದ್ಧತೆಯನ್ನು ಉಳಿಸಿಕೊಂಡೇ ಚುಕ್ಕಿಯಿಲ್ಲದೆ ಬರೆಯುವ ದಾರಿಯನ್ನು ಹುಡುಕುತ್ತಿದ್ದೇನೆಂಬ ಅಳಲಿದೆ. ಮರುವರ್ಷದ ಪತ್ರದಲ್ಲಿ ಚುಕ್ಕಿ ಏಕತಾನವಾದದ್ದು, ಅದಕ್ಕೆ ಮೈಯಿಲ್ಲ ಎಂಬ ದೂರು. ಈ ‘ಮೈಯಿಲ್ಲ’ ಎಂಬ ಆಕ್ಷೇಪವನ್ನು ಚಿತ್ರದೆದುರು ನಿಂತು ಪರೀಕ್ಷಿಸಬಹುದು. ಮರಕ್ಕೆ ಎತ್ತಿದ ಕೋಲನ್ನು ನೋಡಿದರೆ ಅದು ಬೀಳುವುದಿಲ್ಲ. ಬಡಿತದ ರಭಸ, ಉದುರಿದ ಹಣ್ಣಿನ ಸದ್ದು, ನಡು ನೋಯುವ ಬಾಗು ಇವೊಂದೂ ಇಲ್ಲ. ಗೆರೆಗೆ ದಿಕ್ಕಿರುತ್ತದೆ, ಚುಕ್ಕಿಗೆ ದಿಕ್ಕಿಲ್ಲ. ದಿಕ್ಕಿಲ್ಲದ ಗುರುತುಗಳಿಂದ ನಿಂತ ಮರವನ್ನು, ಹರಡಿದ ಬಿಸಿಲನ್ನು ಕಟ್ಟಬಹುದು. ಕೆಲಸವನ್ನು ಕಟ್ಟುವುದು ಕಷ್ಟ. ಪಿಸ್ಸಾರೊ ಹೊಲಿಗೆಯ ಮಟ್ಟಿನಂತೆ ಎಳೆದ ಗುರುತುಗಳನ್ನು ಬಳಸತೊಡಗಿದ್ದು ಈ ಕೊರತೆಯನ್ನು ಕೈ ತಾನಾಗಿಯೇ ಅರಿತದ್ದರ ಸೂಚನೆಯೆಂದು ತೋರುತ್ತದೆ. ಬೆಲೆ ಬಾರದ ಕಾರಣದಿಂದ ಆತ ಪದ್ಧತಿಯನ್ನು ಬಿಟ್ಟನೆಂಬ ಮಾತಿನಲ್ಲಿ ಹುರುಳಿದೆ, ಆದರೆ ಅದು ಅರ್ಧ ಮಾತ್ರ. 1896ರಲ್ಲಿ ಬೆಲ್ಜಿಯಂ ಕಲಾವಿದ ಹೆನ್ರಿ ವಾನ್ ಡ ವೆಲ್ಡೆಗೆ ಬರೆದ ಪತ್ರದಲ್ಲಿ, ನಾಲ್ಕು ವರ್ಷ ಪ್ರಯತ್ನಿಸಿದ ಮೇಲೆ ತನ್ನ ಅನುಭೂತಿಗೆ, ಹಾಗಾಗಿ ಜೀವಕ್ಕೆ, ಚಲನೆಗೆ ಈ ಕ್ರಮದಲ್ಲಿ ನಿಷ್ಠನಾಗಿರಲು ಆಗಲಿಲ್ಲವೆಂಬುದನ್ನೇ ಆತ ಕಾರಣವಾಗಿ ಕೊಟ್ಟಿದ್ದಾನೆ.

ಸ್ಯೂರಾ 1891ರ ಮಾರ್ಚ್ 29ರಂದು, ತನ್ನ ಮೂವತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡ. ಅಂತ್ಯಕ್ರಿಯೆಗೆ ಹೋಗಿಬಂದ ಪಿಸ್ಸಾರೊ, ಬಿಂದು ಪದ್ಧತಿ ಮುಗಿದರೂ ಅದರ ಪರಿಣಾಮ ಮುಂದೆ ಕಲೆಗೆ ಬಹಳ ಮುಖ್ಯವಾದೀತೆಂದು ಮಗನಿಗೆ ಬರೆದ. ಅದು ನಿಜವಾಯಿತು. ವಿಜ್ಞಾನದ ಭರವಸೆ ಮಾತ್ರ ಇನ್ನೊಂದು ಕಡೆಯಿಂದ ಕೈಕೊಟ್ಟಿತು. ಸ್ಯೂರಾನ ದೊಡ್ಡ ಚಿತ್ರದಲ್ಲಿ ಬಿಸಿಲುಬಿದ್ದ ಹುಲ್ಲಿಗಾಗಿ ಬಳಸಿದ ಸತುವಿನ ಹಳದಿ ಬಣ್ಣ ಕೆಲವೇ ವರ್ಷಗಳಲ್ಲಿ ಕಂದಿತು. ಫೆನೆಯೋನ್ 1892ರ ಹೊತ್ತಿಗೇ ಅದರ ಹೊಳಪು ಇಳಿದುದನ್ನು ಗುರುತಿಸಿದ್ದ. ಕಣ್ಣಿನ ನಿಯಮವನ್ನು ಕಲಿತವರು ಬಣ್ಣದ ನಿಯಮವನ್ನು ಪೂರ್ತಿ ಕಲಿತಿರಲಿಲ್ಲ. ಗೋಬ್ಲಾಂನ ಬಣ್ಣಗಾರರು ಈ ತಪ್ಪು ಮಾಡುತ್ತಿರಲಿಲ್ಲವೇನೋ.

1892ರ ಆರಂಭದಲ್ಲಿ ಡ್ಯುರಾನ್ ರುಯೆಲ್ ಏರ್ಪಡಿಸಿದ ದೊಡ್ಡ ಪ್ರದರ್ಶನ ಯಶಸ್ವಿಯಾಗಿ ಪಿಸ್ಸಾರೊನ ಬಡತನ ತುಸು ಸಡಿಲವಾಯಿತು. ಅದೇ ವರ್ಷ ಎರಾನ್ಯಿಯ ಮನೆ ಮಾರಾಟಕ್ಕೆ ಬಂತು. ಗಂಡ ಲಂಡನ್ನಿನಲ್ಲಿದ್ದಾಗ ಜೂಲಿ ತಾನೇ ಮೊನೆಯಲ್ಲಿ ಸಾಲ ಕೇಳಿ, ಹದಿನೈದು ಸಾವಿರ ಫ್ರಾಂಕ್ ತಂದು ಮನೆಯನ್ನು ಉಳಿಸಿಕೊಂಡಳು. ಆ ವರ್ಷವೇ ಕ್ರೊಪೊಟ್ಕಿನ್‌ನ ಕೃತಿಯನ್ನು ಓದಿದ ಪಿಸ್ಸಾರೊ, ರೈತರನ್ನು ಚೆನ್ನಾಗಿ ಚಿತ್ರಿಸಬೇಕಾದರೆ ರೈತರಾಗಿ ಬದುಕಬೇಕೆಂಬ ಅದರ ವಾದವನ್ನು ಒಪ್ಪದೆ, ವಸ್ತುವಿನಲ್ಲಿ ಮನಸ್ಸು ನಾಟಿದ್ದರೆ ಸಾಕು, ಅದಕ್ಕಾಗಿ ರೈತನೇ ಆಗಬೇಕಿಲ್ಲವೆಂಬ ಅಭಿಪ್ರಾಯವನ್ನು ಗೆಳೆಯ ಮಿರ್ಬೋಗೆ ತಿಳಿಸಿದ. ಈ ಮಾತನ್ನು ಆತ ಬರೆದದ್ದು ಜೂಲಿ ಉಳಿಸಿಕೊಟ್ಟ ಆ ಮನೆಯನ್ನೇ ಆಧರಿಸಿದ ಬದುಕಿನಿಂದ. ಮುಂದೆ ತಂದೆ ಮಗ ಕೂಡಿ ‘ಹೊಲದ ಕೆಲಸಗಳು’ ಎಂಬ ಮರದಚ್ಚಿನ ಚಿತ್ರಮಾಲೆಯನ್ನು ಹೊರತಂದರು. ತಂದೆ ಬರೆದ ಆಕೃತಿಗಳನ್ನು ಮಗ ಮರದಲ್ಲಿ ಕೊರೆದ. ಅಲ್ಲಿ ಗೆರೆ ಮರಳಿ ಬಂದಿದೆ. ಅಗೆಯುವವರು ಅಗೆಯುತ್ತಾರೆ, ಉಳುವವರು ಉಳುತ್ತಾರೆ. ಲೂಸಿಯನ್ ಲಂಡನ್ನಿನಲ್ಲಿ 1894ರಲ್ಲಿ ಆರಂಭಿಸಿದ ಮುದ್ರಣಾಲಯಕ್ಕೆ ತಂದೆಯ ಊರಾದ ಎರಾನ್ಯಿಯ ಹೆಸರಿಟ್ಟ.

ಪಿಸ್ಸಾರೊ 1903ರ ನವೆಂಬರ್ 13ರಂದು ಪ್ಯಾರಿಸ್ಸಿನಲ್ಲಿ ಕಣ್ಮುಚ್ಚಿದ. ಜೂಲಿ ಆತನ ನಂತರ ಇಪ್ಪತ್ತಮೂರು ವರ್ಷ ಬದುಕಿ 1926ರಲ್ಲಿ ತೀರಿಕೊಂಡಳು.